ಮೋಲ್ ಅಂದರೆ ಮಚ್ಚೆ ಅಲ್ಲ!

ನಮ್ಮ ಪ್ರೆಸ್ಸಿನಲ್ಲಿ ಪ್ರತಿ ಶುಕ್ರವಾರ ಮೆಷಿನ್ನಿಗೆ ಪೂಜೆ. ಅರಿಶಿನ, ಕುಂಕುಮ, ಒಂದು ಮೊಳ ಹೂವು, ಎರಡು ಊದುಬತ್ತಿ. ಕಳೆದ ವರ್ಷ ಒಂದು ಶುಕ್ರವಾರ ಹೆಲ್ಪರ್ ಹುಡುಗ ಊದುಬತ್ತಿ ಹಚ್ಚಲು ಕಡ್ಡಿ ಗೀರಿದ. ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟಿದ್ದ ಐಪಿಎ ಡಬ್ಬಿಯ ಬಾಯಿ ಭಗ್ಗನೆ ಹೊತ್ತಿಕೊಂಡಿತು. ಒದ್ದೆ ಗೋಣಿಚೀಲ ಮುಚ್ಚಿ ಆರಿಸಿದೆವು. ಹುಡುಗನ ಹುಬ್ಬು ಸುಟ್ಟಿತು, ಬಲಗೈಗೆ ಬೊಬ್ಬೆ ಬಂತು. ಗೋಡೆಗೆ ಒರಗಿಸಿದ್ದ ಇಪ್ಪತ್ತು ರೀಮು ಕಾಗದಕ್ಕೆ ಬೆಂಕಿ ತಾಗಿದ್ದರೆ ಈ ನಾಲ್ಕು ಮಾತು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಆಫ್‌ಸೆಟ್ ಮೆಷಿನ್ನಿನ ನೀರಿನ ಟ್ರೇಗೆ ಇದನ್ನು ಬೆರೆಸುತ್ತೇವೆ. ಬೆರೆಸಿದರೆ ನೀರು ಪ್ಲೇಟಿನ ಮೇಲೆ ಹನಿಹನಿಯಾಗಿ ನಿಲ್ಲದೆ ತೆಳ್ಳಗೆ ಹರಡುತ್ತದೆ, ಅಕ್ಷರ ಇಲ್ಲದ ಜಾಗಕ್ಕೆ ಇಂಕು ಹತ್ತುವುದಿಲ್ಲ. 2020ರ ಕೊರೊನಾ ಕಾಲದಲ್ಲಿ ನೀವು ಕೈಗೆ ಹಚ್ಚಿಕೊಂಡ ಎಷ್ಟೋ ಸ್ಯಾನಿಟೈಸರ್ ಬಾಟಲಿಗಳಲ್ಲಿ ಇದ್ದದ್ದು ಇದೇ.

ಮಾರನೇ ದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದ ಹುಡುಗ ಕೇಳಿದ: "ಅಣ್ಣಾ, ಪ್ರತಿ ವಾರ ಟ್ರೇ ಪಕ್ಕದಲ್ಲೇ ಊದುಬತ್ತಿ ಹಚ್ತಿದ್ದೆ. ಟ್ರೇಲಿರೋದೂ ಅದೇ ಐಪಿಎ ತಾನೆ? ಅಲ್ಲಿ ಹತ್ತದ ಬೆಂಕಿ ಡಬ್ಬಿ ಹತ್ರ ಯಾಕೆ ಹತ್ತಿತು?"

ಗೆಳೆಯರೇ, ಈ ಪ್ರಶ್ನೆ ಕೇಳಿದ ಹುಡುಗ ಪಿಯುಸಿ ರಸಾಯನಶಾಸ್ತ್ರದಲ್ಲಿ ಫೇಲು. ದ್ರಾವಣಗಳ ಪಾಠದ ಅರ್ಧಭಾಗಕ್ಕೆ ಉತ್ತರವಾಗಿರುವ ಪ್ರಶ್ನೆಯನ್ನು ತಾನೇ ಹುಟ್ಟಿಸಿಕೊಂಡವನಿಗೆ "ನಿನಗೆ ಕೆಮಿಸ್ಟ್ರಿ ಬರುವುದಿಲ್ಲ" ಎಂದು ಮಾರ್ಕ್ಸ್ ಕಾರ್ಡು ಕೊಟ್ಟು ಕಳಿಸಿದ್ದಾರೆ. ಈ ಹುಡುಗ ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದವನು. ವಿಜ್ಞಾನದಲ್ಲಿ ಊರಿಗೇ ಮುಂದು. ಸೈನ್ಸ್ ತಗೋ ಎಂದು ಮೇಷ್ಟ್ರೇ ಹೇಳಿದರು. ತಗೊಂಡ. ಕಾಲೇಜಿನ ಮೊದಲ ದಿನ ಲೆಕ್ಚರರ್ ಬಾಯಿ ತೆರೆದಾಗಿನಿಂದ ಎರಡು ವರ್ಷ ಇಂಗ್ಲಿಷ್ ಬಿಟ್ಟು ಇನ್ನೊಂದು ಮಾತಿಲ್ಲ. ಕೊನೆಗೆ ನನ್ನ ಪ್ರೆಸ್ಸಿಗೆ ಬಂದು ಕಾಗದ ಹೊರುತ್ತಿದ್ದಾನೆ.

"ಏನೋ ಅರ್ಥ ಆಗ್ಲಿಲ್ಲ ನಿಂಗೆ?" ಅಂದೆ. "ಮೋಲ್ ಫ್ರಾಕ್ಷನ್ ಅಣ್ಣಾ" ಅಂದ. ಮೋಲ್ ಅಂದರೇನೆಂದು ಪಾಕೆಟ್ ನಿಘಂಟು ತೆಗೆದು ನೋಡಿದನಂತೆ. ಮಚ್ಚೆ ಎಂದಿತ್ತಂತೆ. ಕೆಳಗೆ ಇನ್ನೊಂದು ಅರ್ಥ, ನೆಲ ಕೊರೆಯುವ ಪ್ರಾಣಿ. ಪಕ್ಕದವನನ್ನು ಕೇಳಿದರೆ ನಕ್ಕುಬಿಟ್ಟನಂತೆ. ಆಮೇಲೆ ಯಾರನ್ನೂ ಕೇಳಲಿಲ್ಲ.

ನಗಬೇಡಿ. ಇದು ಆ ಹುಡುಗನ ದಡ್ಡತನವಲ್ಲ. ನಮ್ಮ ನಾಡಿನ ಶಿಕ್ಷಣ ವ್ಯವಸ್ಥೆ ತನ್ನ ಮಕ್ಕಳಿಗೆ ಮಾಡುತ್ತಿರುವ ಮೋಸ. ನಾನೂ ಪಿಯುಸಿಗೆ ನಿಂತವನೇ. ಆದರೆ ಕಾಗದ ಎಣಿಸಿ ಇಪ್ಪತ್ತು ವರ್ಷವಾಗಿದೆ. ಅಂದು ಸಂಜೆ ಅವನದೇ ಹಳೇ ಪುಸ್ತಕ ಮುಂದಿಟ್ಟುಕೊಂಡು ಇಬ್ಬರೂ ಕೂತೆವು. ಒಂದೂವರೆ ಗಂಟೆಯಲ್ಲಿ ಮುಗಿದ ಲೆಕ್ಕ ಇದು. ನೀವೇ ನೋಡಿ, ಇದರಲ್ಲಿ ಇಂಗ್ಲಿಷಿಗೆ ಏನು ಕೆಲಸವಿದೆ ಹೇಳಿ.

ರೀಮಿನ ಲೆಕ್ಕ

ಕಾಗದವನ್ನು ನಾವು ಒಂದೊಂದೇ ಹಾಳೆ ಎಣಿಸಿ ಕೊಳ್ಳುವುದಿಲ್ಲ. 500 ಹಾಳೆಗೆ ಒಂದು ರೀಮು. ಹಿಂದೆ 24 ಹಾಳೆಗೆ ಒಂದು ದಸ್ತು, 20 ದಸ್ತಿಗೆ ಒಂದು ರೀಮು, ಅಂದರೆ 480 ಹಾಳೆ ಇತ್ತು. ಈಗ 500.

ಅಣುಗಳಿಗೂ ಹೀಗೆಯೇ ಒಂದು ರೀಮು ಇದೆ. ಅದರ ಹೆಸರು ಮೋಲ್. ಅಣು ತೀರಾ ಚಿಕ್ಕದು, ಹಾಗಾಗಿ ರೀಮು ತೀರಾ ದೊಡ್ಡದು. 6.02214076 ಎಂದು ಬರೆದು ಅದನ್ನು ಹತ್ತರಿಂದ ಇಪ್ಪತ್ಮೂರು ಸಲ ಗುಣಿಸಿ. ಅಷ್ಟು ಅಣು ಸೇರಿದರೆ ಒಂದು ಮೋಲ್. ರೀಮಿನ ಲೆಕ್ಕ ಬದಲಾದ ಹಾಗೆ ಇದರ ಲೆಕ್ಕವನ್ನೂ 2019ರ ಮೇ 20ರಿಂದ ಹೊಸದಾಗಿ, ಖಚಿತವಾಗಿ ಕಟ್ಟಿಟ್ಟಿದ್ದಾರೆ.

ಈಗ ತೂಕ. 23 x 36 ಇಂಚಿನ 80 ಜಿ.ಎಸ್.ಎಂ. ಮ್ಯಾಪ್‌ಲಿಥೋ ಒಂದು ರೀಮು 21 ಕೆ.ಜಿ. ಚಿಲ್ಲರೆ ತೂಗುತ್ತದೆ. ಅದೇ ಸೈಜಿನ 300 ಜಿ.ಎಸ್.ಎಂ. ಆರ್ಟ್ ಕಾರ್ಡು 500 ಹಾಳೆ ಸೇರಿಸಿದರೆ 80 ಕೆ.ಜಿ. ಹಾಳೆಯ ಲೆಕ್ಕ ಒಂದೇ, ತೂಕ ಬೇರೆ. ಅಣುಗಳೂ ಹಾಗೆಯೇ. ನೀರಿನ ಅಣುವಿನ ಒಂದು ರೀಮು 18 ಗ್ರಾಂ. ಐಪಿಎ ಅಣು ದಪ್ಪ ಕಾರ್ಡು ಇದ್ದ ಹಾಗೆ, ಒಂದು ರೀಮು 60 ಗ್ರಾಂ. ಸಕ್ಕರೆಯದು ಇನ್ನೂ ದಪ್ಪ, 342 ಗ್ರಾಂ. ಅಣುತೂಕ ಎನ್ನುವುದು ಇದನ್ನೇ.

ಗೋಡೌನಿನ ಒಂದು ಮೂಲೆಯಲ್ಲಿ ನಾಲ್ಕು ರೀಮು ಮ್ಯಾಪ್‌ಲಿಥೋ, ಅದರ ಪಕ್ಕ 500 ಹಾಳೆ ಆರ್ಟ್ ಕಾರ್ಡು ಇದೆ ಅಂದುಕೊಳ್ಳಿ. ತಕ್ಕಡಿಗೆ ಹಾಕಿದರೆ ಅದು 85 ಕೆ.ಜಿ., ಇದು 80 ಕೆ.ಜಿ. ಹೆಚ್ಚೂಕಡಿಮೆ ಅರ್ಧರ್ಧ. ಹಾಳೆ ಎಣಿಸಿದರೆ? ಒಟ್ಟು 2500 ಹಾಳೆಯಲ್ಲಿ ಕಾರ್ಡು 500 ಮಾತ್ರ. ಐದರಲ್ಲಿ ಒಂದು ಪಾಲು, 0.2. ತೂಕದ ಪಾಲು ಬೇರೆ, ಎಣಿಕೆಯ ಪಾಲು ಬೇರೆ. ಎಣಿಕೆಯ ಪಾಲನ್ನೇ ಅವರು ಮೋಲ್ ಫ್ರಾಕ್ಷನ್ ಅನ್ನುವುದು. ನಾವು ಮೋಲ್ ಪಾಲು ಅನ್ನೋಣ. ಮುಗಿಯಿತು. ಇಷ್ಟೇ ಅದರ ಗುಟ್ಟು!

ಟ್ರೇಯ ಲೆಕ್ಕ

ನಮ್ಮ ಹುಡುಗ ದಿನಾ ಬೆಳಿಗ್ಗೆ 9 ಲೀಟರ್ ನೀರಿಗೆ 1 ಲೀಟರ್ ಐಪಿಎ ಬೆರೆಸುತ್ತಾನೆ. 1 ಲೀಟರ್ ಐಪಿಎ ತೂಕ ಸುಮಾರು 785 ಗ್ರಾಂ. ಅದನ್ನು 60ರಿಂದ ಭಾಗಿಸಿದರೆ 13.1 ಮೋಲ್. ನೀರು 9000 ಗ್ರಾಂ. 18ರಿಂದ ಭಾಗಿಸಿದರೆ 500 ಮೋಲ್. ಎರಡೂ ಕೂಡಿದರೆ 513.1. ಐಪಿಎಯ ಮೋಲ್ ಪಾಲು 13.1 ಭಾಗಿಸು 513.1, ಅಂದರೆ 0.0255. ನೀರಿನದು 0.9745. ಎರಡೂ ಕೂಡಿದರೆ 1 ಬರಲೇಬೇಕು. ಬಾರದಿದ್ದರೆ ಲೆಕ್ಕ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ನೋಡಿ ಇದರ ಚಮತ್ಕಾರ. ಅಳತೆಯಲ್ಲಿ ಐಪಿಎ ನೂರಕ್ಕೆ 10. ತೂಕದಲ್ಲಿ ನೂರಕ್ಕೆ 8. ಎಣಿಕೆಯಲ್ಲಿ ನೂರಕ್ಕೆ ಎರಡೂವರೆ ಮಾತ್ರ. ಟ್ರೇಯಲ್ಲಿರುವ ಮೂವತ್ತೊಂಬತ್ತು ಅಣುಗಳಲ್ಲಿ ಒಂದೇ ಒಂದು ಐಪಿಎ.

ಡಬ್ಬಿಯಲ್ಲಿ? ಅಲ್ಲಿ ನೀರೇ ಇಲ್ಲ. ಮೋಲ್ ಪಾಲು 1. ಇದ್ದಬದ್ದ ಅಣುವೆಲ್ಲ ಐಪಿಎ. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೆಂಕಿ ಹತ್ತುವುದು ದ್ರವಕ್ಕಲ್ಲ, ಅದರಿಂದ ಏಳುವ ಆವಿಗೆ. ಆವಿ ಎಷ್ಟು ಏಳುತ್ತದೆ ಎನ್ನುವುದು ಮೋಲ್ ಪಾಲಿನ ಮೇಲೆ ನಿಂತಿದೆ ಎಂದು ಫ್ರಾನ್ಸಿನ ರೌಲ್ಟ್ 1880ರ ದಶಕದಲ್ಲಿ ತೋರಿಸಿಕೊಟ್ಟ. 25 ಡಿಗ್ರಿ ಸೆಖೆಯಲ್ಲಿ ಶುದ್ಧ ಐಪಿಎ ಆವಿಯ ಒತ್ತಡ ಸುಮಾರು 44 ಮಿಲಿಮೀಟರ್ ಪಾದರಸ. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ 760. 44ನ್ನು 760ರಿಂದ ಭಾಗಿಸಿದರೆ ಡಬ್ಬಿಯ ಬಾಯಿಯ ಗಾಳಿಯಲ್ಲಿ ಐಪಿಎ ನೂರಕ್ಕೆ ಹತ್ತಿರಹತ್ತಿರ 6. ನೂರಕ್ಕೆ 2 ಇದ್ದರೆ ಸಾಕು, ಅದು ಬೆಂಕಿಗೆ ಕಾದು ಕೂತಿರುತ್ತದೆ. ಈ ಗಾಳಿಯ ಪಾಲು ಕೂಡ ಮೋಲ್ ಪಾಲೇ.

ಟ್ರೇಯಲ್ಲಿ ರೌಲ್ಟನ ಲೆಕ್ಕದಂತೆ 44ನ್ನು 0.0255ರಿಂದ ಗುಣಿಸಿದರೆ 1.1 ಬರುತ್ತದೆ. ನಿಜದಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು ಏಳುತ್ತದೆ, ಏಕೆಂದರೆ ನೀರಿಗೂ ಐಪಿಎಗೂ ರೌಲ್ಟ್ ಹೇಳಿದಷ್ಟು ಹೊಂದಾಣಿಕೆ ಇಲ್ಲ. ಆದರೂ ಡಬ್ಬಿಗೆ ಹೋಲಿಸಿದರೆ ಅದು ತೀರಾ ಕಡಿಮೆ. ಅದಕ್ಕೇ ಅಲ್ಲಿ ಹತ್ತಲಿಲ್ಲ, ಇಲ್ಲಿ ಹತ್ತಿತು. ಹಾಗಂತ ಟ್ರೇ ಪಕ್ಕ ಕಡ್ಡಿ ಗೀರಬಹುದು ಅಂದುಕೊಳ್ಳಬೇಡಿ. ನಮ್ಮ ಪ್ರೆಸ್ಸಿನಲ್ಲಿ ಈಗ ಪೂಜೆಗೆ ಹೂವು, ಕುಂಕುಮ ಮಾತ್ರ.

ಇಷ್ಟು ಹೇಳಿ ಹುಡುಗನಿಗೆ ಒಂದು ಲೆಕ್ಕ ಕೊಟ್ಟೆ. ಒಂದು ಲೀಟರ್ ನೀರಿಗೆ 342 ಗ್ರಾಂ ಸಕ್ಕರೆ ಹಾಕಿದರೆ ಸಕ್ಕರೆಯ ಮೋಲ್ ಪಾಲೆಷ್ಟು? ವೇಸ್ಟ್ ಶೀಟಿನ ಹಿಂದೆ ಗೀಚಿದ. ಸಕ್ಕರೆ 1 ಮೋಲ್. ನೀರು 55.6 ಮೋಲ್. 1 ಭಾಗಿಸು 56.6. ಉತ್ತರ 0.0177. ತೂಕದಲ್ಲಿ ಕಾಲುಭಾಗ ಸಕ್ಕರೆಯಿರುವ ಪಾನಕದಲ್ಲಿ ಎಣಿಕೆಗೆ ಐವತ್ತಾರು ಚಿಲ್ಲರೆಯಲ್ಲಿ ಒಂದೇ ಅಣು ಸಕ್ಕರೆ! ಹುಡುಗ ತಲೆಯೆತ್ತಿ, "ಇಷ್ಟೇನಾ ಅಣ್ಣಾ ಇದು?" ಅಂದ.

ಆ "ಇಷ್ಟೇನಾ" ನನ್ನ ಕಿವಿಯಲ್ಲಿ ಇನ್ನೂ ಇದೆ. ಎರಡು ವರ್ಷ, ಫೀಜು, ಬಸ್ ಪಾಸು, ಮನೆಯವರ ಆಸೆ, ಎಲ್ಲ ಮಣ್ಣುಪಾಲಾದದ್ದು ಇಷ್ಟಕ್ಕೇ?

ಹುಡುಗ ಬಿದ್ದದ್ದು ಎಲ್ಲಿ?

ಅವನ ಪುಸ್ತಕದಲ್ಲಿ ತಿಳಿಯದ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ನೋಡಿದೆ. ಸಾಲ್ಯೂಟ್, ಸಾಲ್ವೆಂಟ್, ಇವು ರಸಾಯನಶಾಸ್ತ್ರದವು, ಇರಲಿ. ಮಿಕ್ಕವು ಯಾವುವು? ರೆಸ್ಪೆಕ್ಟಿವ್ಲಿ. ಕಾನ್‌ಸ್ಟಿಟ್ಯುಯೆಂಟ್. ಅಸ್ಯೂಮ್. ಹೆನ್ಸ್. ಇವು ಯಾವ ಶಾಸ್ತ್ರದ ಪದಗಳು ಸ್ವಾಮಿ? ರೆಸ್ಪೆಕ್ಟಿವ್ಲಿ ಗೊತ್ತಿಲ್ಲದಿದ್ದರೆ ರಸಾಯನಶಾಸ್ತ್ರ ಗೊತ್ತಿಲ್ಲ ಎಂದು ಅರ್ಥವೇ? ಭಾಗಾಕಾರ ಬರುವ, ಕೂಡುವುದು ಬರುವ, ದಿನಾ ದ್ರಾವಣ ಬೆರೆಸುವ ಹುಡುಗ ಬಿದ್ದದ್ದು ಹೆನ್ಸ್ ಎಂಬ ಕಲ್ಲಿಗೆ ಎಡವಿ. ಅವನು ರಸಾಯನಶಾಸ್ತ್ರದಲ್ಲಿ ಫೇಲಾಗಲೇ ಇಲ್ಲ. ರಸಾಯನಶಾಸ್ತ್ರದ ವೇಷ ಹಾಕಿಕೊಂಡು ಬಂದ ಇಂಗ್ಲಿಷಿನಲ್ಲಿ ಫೇಲಾದ.

"ಈಗ ಪರೀಕ್ಷೆ ಕನ್ನಡದಲ್ಲೂ ಇದೆಯಲ್ಲ" ಎಂದು ಕೆಲವರು ವಾದಕ್ಕೆ ಬರುತ್ತಾರೆ. ಹೌದು, 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ, 2021ರಿಂದ ಜೆಇಇ ಮೇನ್ ಕೂಡ. ಹೋರಾಡಿ ಪಡೆದದ್ದು, ಸಂತೋಷ. ಆದರೆ ಎರಡು ವರ್ಷ ಪಾಠ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಗೈಡು ಇಂಗ್ಲಿಷಿನಲ್ಲಿ, ಕೋಚಿಂಗು ಇಂಗ್ಲಿಷಿನಲ್ಲಿ ಕೊಟ್ಟು ಕೊನೆಯ ಮೂರು ಗಂಟೆ ಮಾತ್ರ ಕನ್ನಡ ಕೊಟ್ಟರೆ ಏನು ಬಂತು? ಈಜು ಕಲಿಸದೆ ಬಾವಿಯ ಕಟ್ಟೆಯ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಬರೆದ ಹಾಗೆ. ಕನ್ನಡದ ಪತ್ರಿಕೆಯನ್ನು ಮಕ್ಕಳೇ ಕೇಳುವುದಿಲ್ಲ ಎಂದು ನಾಳೆ ಅದನ್ನೇ ನೆಪ ಮಾಡಿ ನಿಲ್ಲಿಸಿದರೂ ಆಶ್ಚರ್ಯವಿಲ್ಲ.

ಮೋಲ್ ಯಾರಪ್ಪನ ಸ್ವತ್ತು?

ವಿಜ್ಞಾನಕ್ಕೆ ಕನ್ನಡದಲ್ಲಿ ಪದವಿಲ್ಲ ಎನ್ನುವುದು ಇನ್ನೊಂದು ಹಳೇ ರಾಗ. ಮೋಲ್ ಎಂಬ ಪದವೇ ಇಂಗ್ಲಿಷಿನದಲ್ಲ ಎಂಬುದು ಇವರಿಗೆ ಗೊತ್ತೇ? 1890ರ ದಶಕದಲ್ಲಿ ಅದನ್ನು ಬಳಕೆಗೆ ತಂದವನು ವಿಲ್ಹೆಲ್ಮ್ ಓಸ್ಟ್‌ವಾಲ್ಡ್, ಜರ್ಮನಿಯ ಲೈಪ್ಸಿಗ್‌ನ ಮೇಷ್ಟ್ರು, 1909ರಲ್ಲಿ ನೊಬೆಲ್ ಪಡೆದವನು. ಅಣುವಿಗೆ ತನ್ನ ಭಾಷೆಯಲ್ಲಿದ್ದ ಮೊಲೆಕ್ಯೂಲ್ ಎಂಬ ಪದವನ್ನೇ ತುಂಡರಿಸಿ ಮೋಲ್ ಮಾಡಿದ. ಅವನು ಪಾಠ ಹೇಳಿದ್ದು ಜರ್ಮನ್ನಿನಲ್ಲಿ. ಇಂಗ್ಲಿಷಿನವರು ಅವನಿಂದ ಸಾಲ ತಂದರು. ಸಾಲ ತಂದ ಸಾಮಾನನ್ನು ತಮ್ಮದೇ ಎಂದು ಅವರು ಬಳಸಬಹುದಾದರೆ ನಾವೇಕೆ ಬಳಸಬಾರದು?

ಜಪಾನಿನವರು ಏನು ಮಾಡಿದರು? ಮೋಲ್ ಎಂಬುದನ್ನು ತಮ್ಮ ನಾಲಿಗೆಗೆ ಒಗ್ಗಿಸಿ ಮೊರು ಎಂದರು, ಪಾಲಿಗೆ ತಮ್ಮದೇ ಪದ ಹಚ್ಚಿ ಮೊರು ಬುನ್‌ರಿತ್ಸು ಎಂದರು. ಅಲ್ಲಿನ ಮಕ್ಕಳು ಜಪಾನಿ ಭಾಷೆಯಲ್ಲೇ ರಸಾಯನಶಾಸ್ತ್ರ ಓದುತ್ತಾರೆ. ನಾವು ಮೋಲ್ ಪಾಲು ಎಂದರೆ ಆಕಾಶ ಕಳಚಿ ಬೀಳುತ್ತದೆಯೇ?

ಇಲ್ಲಿ ನಮ್ಮ ಪಂಡಿತರಿಗೂ ಒಂದು ಮಾತು ಹೇಳಬೇಕು. ಕನ್ನಡ ಮಾಡುತ್ತೇವೆಂದು ಅಚ್ಚಿನ ಮೊಳೆಗೂ ನಿಲುಕದ, ನಾಲಿಗೆ ಹೊರಳದ ಸಂಸ್ಕೃತದ ಸಮಾಸಗಳನ್ನು ಹೊಸೆದು ಮಕ್ಕಳ ತಲೆಗೆ ಕಟ್ಟಬೇಡಿ. ರೀಮು ಕನ್ನಡವಾಗಿದೆ, ಬಸ್ಸು ಕನ್ನಡವಾಗಿದೆ, ಮೋಲ್ ಕೂಡ ಆಗುತ್ತದೆ. ಹೆಸರು ಎಲ್ಲಿಂದಲಾದರೂ ಬರಲಿ, ವಿವರಣೆ ಕನ್ನಡದಲ್ಲಿರಲಿ. ಮಗುವಿಗೆ ಬೇಕಿರುವುದು ಅದು.

ಆಗದ ಕೆಲಸವೇ ಇದು? 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ವಿಜ್ಞಾನವನ್ನೂ ಉರ್ದುವಿನಲ್ಲಿ ಕಲಿಸಲು ಹೊರಟರು. ಅದಕ್ಕೆಂದೇ ಅನುವಾದದ ಇಲಾಖೆ ತೆರೆದರು. ನಮ್ಮ ಬೀದರ್, ಗುಲ್ಬರ್ಗ, ರಾಯಚೂರಿನ ಕನ್ನಡದ ಮಕ್ಕಳು ನಿಜಾಮರ ಕಾಲದಲ್ಲಿ ಮನೆಮಾತು ಬಿಟ್ಟು ಉರ್ದುವಿನಲ್ಲಿ ಓದಬೇಕಾಗಿ ಬಂದದ್ದು ಆ ಕಥೆಯ ಇನ್ನೊಂದು ಮುಖ. ಆದರೆ ಈ ದೇಶದ ಒಂದು ಭಾಷೆಯಲ್ಲಿ ಕಾಲೇಜು ವಿಜ್ಞಾನ ಹೇಳಬಹುದು ಎಂಬುದು ನೂರು ವರ್ಷದ ಹಿಂದೆಯೇ ತೀರ್ಮಾನವಾಗಿದೆ. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನೇ ತಂದರು. ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಜೆ.ಆರ್. ಲಕ್ಷ್ಮಣರಾಯರು ಜೀವಮಾನವಿಡೀ ಕನ್ನಡದಲ್ಲಿ ವಿಜ್ಞಾನ ಬರೆದರು. ಹಿರಿಯರು ದಾರಿ ಮಾಡಿಟ್ಟಿದ್ದಾರೆ. ನಡೆಯುವ ಕಾಲು ನಮ್ಮಲ್ಲಿಲ್ಲ.

"ಮುಂದೆ ಇಂಗ್ಲಿಷ್ ಬೇಕಲ್ಲವೇ?" ಬೇಕು, ಖಂಡಿತ ಬೇಕು. ಇಂಗ್ಲಿಷನ್ನು ಇಂಗ್ಲಿಷ್ ಮೇಷ್ಟ್ರು ಚೆನ್ನಾಗಿ ಕಲಿಸಲಿ. ರಸಾಯನಶಾಸ್ತ್ರ ಒಮ್ಮೆ ತಲೆಗೆ ಹತ್ತಿದವನಿಗೆ ಸಾಲ್ಯೂಟ್, ಸಾಲ್ವೆಂಟ್ ಕಲಿಯಲು ಒಂದು ವಾರ ಸಾಕು. ತಲೆಗೆ ಹತ್ತದವನು ಆ ಪದಗಳನ್ನು ಬಾಯಿಪಾಠ ಮಾಡಿ ಏನು ಮಾಡಬೇಕು? ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ತೊಂಬತ್ತೈದು ತೆಗೆದ ನಿಮ್ಮ ಗೆಳೆಯರನ್ನೇ ಕೇಳಿ ನೋಡಿ, ತೂಕದ ಪಾಲು ಬಿಟ್ಟು ಮೋಲ್ ಪಾಲು ಏಕೆ ಬೇಕು ಎಂದು. ಸೂತ್ರ ಹೇಳುವವರು ಬಹಳ ಮಂದಿ, ಕಾರಣ ಹೇಳುವವರು ಎಷ್ಟು ಮಂದಿ ಎಂದು ಎಣಿಸಿ.

ಬೋರ್ಡಿನ ಪಾಲು, ಬದುಕಿನ ಪಾಲು

ಈಗ ನಮ್ಮ ಕಡೆ ಬೆರಳು ತಿರುಗಿಸುತ್ತೇನೆ. ಸಿಟ್ಟು ಮಾಡಿಕೊಳ್ಳಬೇಡಿ. ಬೋರ್ಡಿನ ಹೋರಾಟದಲ್ಲಿ ನಾವೆಲ್ಲ ಬೀದಿಗಿಳಿದೆವು. 2024ರಲ್ಲಿ ಕಾನೂನೂ ಬಂತು, ನಾಮಫಲಕದಲ್ಲಿ ನೂರಕ್ಕೆ 60 ಪಾಲು ಕನ್ನಡ ಇರಬೇಕು ಎಂದು. ದೊಡ್ಡ ಗೆಲುವು, ಅಲ್ಲಗಳೆಯುವುದಿಲ್ಲ. ಬೋರ್ಡಿನ ಮೇಲೆ ಕನ್ನಡದ ಪಾಲು 0.6. ಹಾಗಾದರೆ ಪಿಯುಸಿ ವಿಜ್ಞಾನದ ತರಗತಿಯಲ್ಲಿ ಕನ್ನಡದ ಪಾಲೆಷ್ಟು? ಬಹುತೇಕ ಕಾಲೇಜುಗಳಲ್ಲಿ ಸೊನ್ನೆಗೆ ಹತ್ತಿರ. ಸೊನ್ನೆಯ ವಿರುದ್ಧ ನಾವು ಎಷ್ಟು ಸಲ ಬೀದಿಗಿಳಿದಿದ್ದೇವೆ?

ನನ್ನ ತಪ್ಪನ್ನೂ ಬಚ್ಚಿಡುವುದಿಲ್ಲ. ಆ ಐಪಿಎ ಡಬ್ಬಿಯ ಮೇಲೆ ಬೆಂಕಿಯ ಎಚ್ಚರಿಕೆ ಇತ್ತು. ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಅದು 12 ಡಿಗ್ರಿಗೇ ಹೊತ್ತಿಕೊಳ್ಳಬಲ್ಲ ಆವಿ ಬಿಡುತ್ತದೆ. ಅಂದರೆ ಬೆಂಗಳೂರಿನ ಡಿಸೆಂಬರ್ ಚಳಿಯಲ್ಲೂ ಅದು ಸಿದ್ಧವೇ. ಆ ಡಬ್ಬಿ ಎತ್ತುವವನಿಗೆ ಓದಲು ಬರುವ ಭಾಷೆಯಲ್ಲಿ ಒಂದಕ್ಷರ ಇರಲಿಲ್ಲ. ಕನ್ನಡ ಅಚ್ಚು ಹಾಕಿ ಹೊಟ್ಟೆ ಹೊರೆಯುವ ನಾನು, ನವೆಂಬರ್ ಬಂದರೆ ಸಾವಿರಗಟ್ಟಲೆ ರಾಜ್ಯೋತ್ಸವದ ಪೋಸ್ಟರು ಹೊಡೆಯುವ ನಾನು, ನನ್ನ ಮೆಷಿನ್ನಿನ ಪಕ್ಕದ ಡಬ್ಬಿಗೆ ಒಂದು ಕನ್ನಡದ ಚೀಟಿ ಅಂಟಿಸಲಿಲ್ಲ. ಹುಡುಗನ ಕೈ ಸುಟ್ಟ ಮೇಲೆ ಅಂಟಿಸಿದೆ. ಭಾಷೆ ಅಂದರೆ ಬರೀ ಅಭಿಮಾನವಲ್ಲ, ಚರ್ಮ ಎಂದು ಅವತ್ತು ಗೊತ್ತಾಯಿತು.

ಆದ್ದರಿಂದ ನನ್ನ ಮಾತು ಇಷ್ಟು. ಸರ್ಕಾರ ಪಿಯುಸಿ ವಿಜ್ಞಾನದ ಪುಸ್ತಕಗಳನ್ನು ಕನ್ನಡದಲ್ಲಿ, ಪಕ್ಕದಲ್ಲಿ ಇಂಗ್ಲಿಷ್ ಪದಗಳನ್ನು ಕೊಟ್ಟು, ಪ್ರತಿ ಸರ್ಕಾರಿ ಕಾಲೇಜಿಗೆ ಮುಟ್ಟಿಸಲಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಕನ್ನಡದಲ್ಲಿ ಪಾಠ ಮಾಡುವ ಲೆಕ್ಚರರುಗಳನ್ನು ಹಾಕಲಿ. ಕೆಲಸದ ಜಾಗಕ್ಕೆ ಬರುವ ಪ್ರತಿ ರಾಸಾಯನಿಕದ ಡಬ್ಬಿಯ ಮೇಲೆ ಎಚ್ಚರಿಕೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇರಲಿ. ಇದಕ್ಕಾಗಿ ಬೋರ್ಡಿಗೆ ಕೂಗಿದಷ್ಟೇ ಗಟ್ಟಿಯಾಗಿ ಕೂಗೋಣ.

ಸರ್ಕಾರ ಎದ್ದೇಳುವವರೆಗೆ ಕಾಯುವುದು ಬೇಡ. ನಿಮ್ಮಲ್ಲಿ ಬಿಎಸ್ಸಿ ಓದಿದವರಿದ್ದೀರಿ, ಇಂಜಿನಿಯರುಗಳಿದ್ದೀರಿ, ಕಂಪನಿಗಳಲ್ಲಿ ಕೈತುಂಬ ಸಂಬಳ ತರುವವರಿದ್ದೀರಿ. ನಿಮ್ಮ ಬಡಾವಣೆಯಲ್ಲಿ ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸಿಗೆ ಸೇರಿ ತಬ್ಬಿಬ್ಬಾದ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಭಾನುವಾರ ಎರಡು ಗಂಟೆ ಕೊಡಿ. ಸಂಘದ ಕಚೇರಿಯಲ್ಲಿ ಕೂರಿಸಿ ಒಂದೊಂದು ಪಾಠ ಕನ್ನಡದಲ್ಲಿ ಹೇಳಿ. ಹೇಳಿದ್ದನ್ನು ಬರೆದು ತನ್ನಿ. ದ್ರಾವಣಗಳ ಪಾಠ ಒಂದು ಫಾರಂ, 16 ಪುಟದಲ್ಲಿ ಮುಗಿಯುತ್ತದೆ. ಕಾಗದಕ್ಕೆ ನೀವು ಚಂದಾ ಎತ್ತಿ, ಅಚ್ಚಿನ ಕೂಲಿ ನನಗೆ ಬೇಡ.

ನಮ್ಮ ಹುಡುಗ ಮುಂದಿನ ಪರೀಕ್ಷೆಗೆ ಕಟ್ಟಿದ್ದಾನೆ. ರಾತ್ರಿ ಮೆಷಿನ್ ನಿಂತ ಮೇಲೆ ವೇಸ್ಟ್ ಶೀಟಿನ ಹಿಂದೆ ಲೆಕ್ಕ ಮಾಡುತ್ತಾನೆ. ದ್ರಾವಣಗಳ ಪಾಠ ಮುಗಿದಿದೆ. ಮುಂದಿನ ಪಾಠಕ್ಕೆ ನನ್ನ ವಿದ್ಯೆ ಸಾಲದು. ನಿಮ್ಮಲ್ಲಿ ಯಾರಾದರೂ ಬನ್ನಿ.